ಕಂಚಿಗೆ ಇಳಿದ ಹೆಣಿಗೆ

ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಠಾಣೆಗೆ ಬಂದ ಫಿರ್ಯಾದುದಾರ ಕುರ್ಚಿಯ ತುದಿಯಲ್ಲಿ ಕೂತು, ಟೈ ಸರಿಮಾಡಿಕೊಂಡು, ತಮ್ಮ ಕಚೇರಿಯಲ್ಲಿ ಕಳ್ಳತನವಾಗಿದೆ ಎಂದ. ಸೇತುವೆ ಪಕ್ಕದ ಹದಿನಾಲ್ಕು ಅಂತಸ್ತಿನ ಕಂಪನಿ ಕಟ್ಟಡಕ್ಕೆ ಅವನು ಮ್ಯಾನೇಜರ್. ಇನ್‌ಸ್ಪೆಕ್ಟರು ಕಾಗದ ಎಳೆದುಕೊಂಡರು.

"ಏನು ಹೋಗಿದೆ?"

"ಒಂದು ತುಂಡು ಸರ್."

"ಯಾವುದರ ತುಂಡು?"

"ಕೆಳಗಡೆ ಹಜಾರದಲ್ಲಿ ಕಂಚಿನ ಶಿಲ್ಪ ಒಂದಿದೆ. ಅದರದ್ದು."

"ಕೈಯೋ, ಕಾಲೋ, ತಲೆಯೋ?"

"ಅದಕ್ಕೆ ತಲೆ ಇಲ್ಲ ಸರ್."

"ಅದನ್ನೂ ಕದ್ರಾ?"

"ಅಯ್ಯೋ, ಮೊದಲಿಂದಲೂ ಇಲ್ಲ. ಅದು ಅಮೂರ್ತ ಶಿಲ್ಪ. ಯಾವುದರ ಹಾಗೂ ಇರಲ್ಲ."

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇನ್‌ಸ್ಪೆಕ್ಟರು ಸರ, ಸೈಕಲ್ಲು, ನೀರೆತ್ತುವ ಮೋಟಾರು, ಒಮ್ಮೆ ಒಂದು ಜೀವಂತ ಕುದುರೆ ಕೂಡ ಕಳವಾದ ಫಿರ್ಯಾದು ಬರೆದುಕೊಂಡಿದ್ದರು. ಯಾವುದರ ಹಾಗೂ ಇಲ್ಲದ ವಸ್ತುವಿನ ಯಾವುದೋ ತುಂಡು ಕಳವಾದದ್ದು ಇದೇ ಮೊದಲು. ಯಾವಾಗ ಹೋಯಿತು ಎಂದು ಕೇಳಿದರೆ ಮ್ಯಾನೇಜರಿಗೆ ಅದೂ ಗೊತ್ತಿರಲಿಲ್ಲ. ಕಂಪನಿಯ ವಾರ್ಷಿಕ ಪುಸ್ತಕಕ್ಕೆಂದು ಹೋದ ವಾರ ಫೋಟೋ ತೆಗೆಸಿದ್ದರಂತೆ. ಎರಡು ವರ್ಷದ ಹಿಂದೆ ಶಿಲ್ಪ ತಂದು ನಿಲ್ಲಿಸಿದ ದಿನದ ಫೋಟೋ ಪಕ್ಕದಲ್ಲಿ ಇಟ್ಟಾಗ ಪುಸ್ತಕ ಅಚ್ಚು ಹಾಕುವವನಿಗೆ ಏನೋ ಕಡಿಮೆ ಕಂಡಿತಂತೆ.

"ದಿನಾ ನೂರಾರು ಜನ ಅದರ ಮುಂದೆ ಓಡಾಡ್ತಾರೆ. ಒಬ್ಬರಿಗೂ ಗೊತ್ತಾಗಲಿಲ್ವಾ?" ಎಂದು ಕೇಳಿದ್ದು ಹೆಡ್ ಕಾನ್‌ಸ್ಟೇಬಲ್. ಆಕೆಯನ್ನು ಠಾಣೆಯಲ್ಲಿ ಇನ್‌ಸ್ಪೆಕ್ಟರು ಸೇರಿದಂತೆ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು.

"ಮೂಗು ಹೋಗಿದ್ರೆ ಗೊತ್ತಾಗ್ತಿತ್ತಮ್ಮ. ಮೂಗೇ ಇಲ್ಲದ್ದಕ್ಕೆ ಏನು ಮಾಡೋದು?" ಎಂದ ಮ್ಯಾನೇಜರ್. ಪಾಪ, ಅವನು ಹೇಳಿದ್ದೂ ನಿಜವೇ.

ಅಕ್ಕ ಎರಡೂ ಫೋಟೋ ಕಿಟಕಿಯ ಬೆಳಕಿಗೆ ಹಿಡಿದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದಳು. ಶಿಲ್ಪದ ಎಡಭಾಗದಿಂದ ಕೊಳವೆಯಂಥ ಮಡಿಕೆಯೊಂದು ಕೆಳಗೆ ಇಳಿದಿತ್ತು. ಹಳೆಯ ಫೋಟೋದಲ್ಲಿ ಅದು ಅಂಗೈ ಅಗಲದಷ್ಟು ಹೆಚ್ಚು ಉದ್ದವಿತ್ತು. ಅಷ್ಟೇ. ಹನ್ನೆರಡು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಕೃತ್ಯದ ಕಾಲ ಎಂಬ ಜಾಗದಲ್ಲಿ ಠಾಣೆಯ ರೈಟರ್ ತಲೆ ಕೆರೆದುಕೊಂಡು, "ಕಳೆದ ಎರಡು ವರ್ಷಗಳ ಅವಧಿಯಲ್ಲಿ" ಎಂದು ಬರೆದ.

ಮಧ್ಯಾಹ್ನ ಪಂಚನಾಮೆ. ಹಜಾರ ನುಣುಪು ಕಲ್ಲಿನದು, ಎತ್ತರದ ಗಾಜಿನ ಬಾಗಿಲು. ಮಧ್ಯದಲ್ಲಿ ಆಳೆತ್ತರದ ಶಿಲ್ಪ, ಕಂದು ಮತ್ತು ಹಸಿರು ಬೆರೆತ ಬಣ್ಣ. ಒಂದು ಕಡೆ ಗಾಳಿ ತುಂಬಿದ ಬಟ್ಟೆಯ ಹಾಗೆ ಉಬ್ಬಿಕೊಂಡು, ಇನ್ನೊಂದು ಕಡೆ ತನ್ನೊಳಗೆ ತಾನೇ ಮುದುಡಿಕೊಂಡಿತ್ತು. ಪೀಠದ ಮೇಲಿನ ಫಲಕದಲ್ಲಿ ಶಿಲ್ಪಿಯ ಹೆಸರು, ಕೆಳಗೆ "ಶೀರ್ಷಿಕೆ ಇಲ್ಲ" ಎಂದಿತ್ತು.

"ಹೆಸರಿಡೋಕೂ ಮರೆತರಾ ಸರ್?" ಎಂದ ಕಾನ್‌ಸ್ಟೇಬಲ್. ಅವನು ಉದ್ದಕ್ಕೆ ಬೆಳೆದವನು, ಏಣಿ ಎಂಬುದು ಅವನಿಗೆ ಇಟ್ಟ ಹೆಸರು. ಯಾರೂ ನಗದಿದ್ದಾಗ ಫೋಟೋ ತೆಗೆಯತೊಡಗಿದ.

ಇನ್‌ಸ್ಪೆಕ್ಟರು ಮಂಡಿಯೂರಿ ಮಡಿಕೆಯ ತುದಿಯನ್ನು ಹೆಬ್ಬೆರಳಿನಿಂದ ಸವರಿದರು. ಕಂಚು ಕದಿಯುವವರ ಕೆಲಸ ಅವರಿಗೆ ಹೊಸದಲ್ಲ. ಗರಗಸ ಆಡಿದ ಕಡೆ ಹಳದಿ ಹೊಳಪು ಇರುತ್ತದೆ, ಅಂಚಿಗೆ ಹಲ್ಲು ಬಂದಿರುತ್ತದೆ, ಮುಟ್ಟಿದರೆ ಕೈ ಕುಯ್ಯುತ್ತದೆ. ಇಲ್ಲಿ ಅಂಚು ತುಟಿಯಷ್ಟು ನುಣ್ಣಗಿತ್ತು. ಯಾರೋ ಅರ ಹಿಡಿದು ಉಜ್ಜಿ, ನಯ ಮಾಡಿ, ಮೇಲೆ ಶಿಲ್ಪದ್ದೇ ಬಣ್ಣವನ್ನು ಕಾಯಿಸಿ ಹಚ್ಚಿದ್ದರು. ಅಲ್ಲಿ ಕತ್ತರಿಸಿದ್ದಾರೆ ಎಂದು ಗೊತ್ತಿದ್ದವರಿಗೂ ಕತ್ತರಿಸಿದ ಜಾಗ ಕಾಣುತ್ತಿರಲಿಲ್ಲ.

"ಗಾಯ ಮಾಡಿದವರೇ ಮುಲಾಮು ಹಚ್ಚಿ ಹೋಗಿದ್ದಾರೆ ಸರ್" ಎಂದಳು ಅಕ್ಕ.

"ಗುಜರಿಗೆ ಹಾಕೋನಿಗೆ ಇಷ್ಟು ವ್ಯವಧಾನ ಎಲ್ಲಿಂದ ಬರಬೇಕು?" ಎಂದರು ಇನ್‌ಸ್ಪೆಕ್ಟರು. ಅವರು ಮಡಿಕೆಯ ಒಳಗೆ ಬೆರಳು ಹಾಕಿದರು. ಹೊರಗೆಲ್ಲ ನುಣುಪಾಗಿದ್ದ ಕಂಚು ಅಲ್ಲಿ ಮಾತ್ರ ಸಾಲು ಸಾಲಾಗಿ ತರಿತರಿಯಾಗಿತ್ತು.

ಬಾಗಿಲ ಕಾವಲುಗಾರ ದಪ್ಪ ಮೀಸೆಯವನು. ಪೊಲೀಸರ ಮುಂದೆ ಆ ಮೀಸೆ ಸ್ವಲ್ಪ ಇಳಿದಿತ್ತು.

"ಇದನ್ನ ಯಾರು ಮುಟ್ತಾರೆ?"

"ಎಲ್ಲರೂ ಮುಟ್ತಾರೆ ಸಾರ್. ಕೊಡೆ ಒರಗಿಸ್ತಾರೆ. ಆ ಕೊಳವೆ ಒಳಗೆ ಬಸ್ ಟಿಕೆಟ್ ತುರುಕ್ತಾರೆ."

"ಒರೆಸೋರು?"

"ಶಿಲ್ಪಿ ಮನೆಯಿಂದ ಒಬ್ಬರು ಅಮ್ಮ ಬರ್ತಾರೆ, ಮೇಣ ಹಚ್ಚೋಕೆ. ಸುತ್ತ ಬಟ್ಟೆ ಕಟ್ಟಿಕೊಂಡು, ಬೆಂಕಿ ಉಪಕರಣದಲ್ಲಿ ಕಾಯಿಸ್ತಾ ಹಚ್ತಾರೆ. ಬಟ್ಟೆ ಕಟ್ಟೋಕೆ ನಾನೇ ಸಹಾಯ ಮಾಡ್ತೀನಿ. ಬಲು ಒಳ್ಳೆಯವರು ಸಾರ್. ಮಾತು ಮಾತ್ರ ಕಡಿಮೆ."

"ಕತ್ತರಿಸೋ ಸದ್ದು ಕೇಳಿದ್ದು ಇದೆಯಾ?"

"ಉಜ್ಜೋ ಸದ್ದು ಯಾವಾಗಲೂ ಇರ್ತಿತ್ತು. ಅದರಲ್ಲಿ ಇದು ಯಾವುದು, ಅದು ಯಾವುದು?"

ಹಜಾರದ ಕ್ಯಾಮೆರಾ ಬಾಗಿಲನ್ನು ನೋಡುತ್ತಿತ್ತೇ ಹೊರತು ಶಿಲ್ಪವನ್ನಲ್ಲ. ಅದರ ನೆನಪೂ ಒಂದು ತಿಂಗಳಿನದಷ್ಟೇ. ಪಂಚನಾಮೆಗೆ ಪಕ್ಕದ ಔಷಧಿ ಅಂಗಡಿಯವನೂ ಕೀ ಮಾಡುವವನೂ ಸಹಿ ಹಾಕಿದರು.

ಮರುದಿನ ಇನ್‌ಸ್ಪೆಕ್ಟರು ಅಕ್ಕನ ಜೊತೆ ಶಿಲ್ಪಿಯ ಎರಕದ ಮನೆಗೆ ಹೋದರು. ಊರಾಚೆ ಹಳೆಯ ಕಾರ್ಖಾನೆಗಳ ಸಾಲಿನಲ್ಲಿ ತಗಡಿನ ಛಾವಣಿಯ ಉದ್ದನೆಯ ಕಟ್ಟಡ, ಹಿಂದೆ ಎರಡು ಕೋಣೆಯ ಮನೆ. ಒಳಗೆ ಮೇಣದ ಸಿಹಿ ವಾಸನೆ, ಸುಟ್ಟ ಮಣ್ಣಿನ ವಾಸನೆ. ಕುಲುಮೆ ಆರಿತ್ತು. ಶಿಲ್ಪಿ ಅರವತ್ತರ ಆಸುಪಾಸಿನವನು, ಎರಡೂ ಮುಂಗೈ ಮೇಲೆ ಹಳೆಯ ಸುಟ್ಟ ಕಲೆಗಳು. ಕಿಟಕಿ ಪಕ್ಕದ ಮೇಜಿನಲ್ಲಿ ಅವನ ಹೆಂಡತಿ ದಪ್ಪ ಬಟ್ಟೆಯ ಏಪ್ರನ್ ಕಟ್ಟಿಕೊಂಡು ಸಣ್ಣ ಕಂಚಿನ ತಟ್ಟೆಯೊಂದನ್ನು ಅರದಿಂದ ಉಜ್ಜುತ್ತಿದ್ದಳು. ಎರಕ ಹೊಯ್ಯುವುದು ಗಂಡ. ಅಚ್ಚು ಒಡೆದ ಮೇಲೆ ಉಜ್ಜುವುದು, ನಯ ಮಾಡುವುದು, ಬಣ್ಣ ಕಟ್ಟುವುದು ಹೆಂಡತಿ. ಮೂವತ್ತು ವರ್ಷದಿಂದ ಹೀಗೆಯೇ ನಡೆದಿತ್ತು.

ಇನ್‌ಸ್ಪೆಕ್ಟರು ಎರಡೂ ಫೋಟೋ ಶಿಲ್ಪಿಯ ಮುಂದಿಟ್ಟರು.

"ವ್ಯತ್ಯಾಸ ಕಾಣುತ್ತಾ?"

ಅವನು ಬಹಳ ಹೊತ್ತು ನೋಡಿದ. "ಇಲ್ಲ."

"ಇಲ್ಲೊಂದು ತುಂಡು ಇಲ್ಲ."

"ನೆರಳು ಇರಬೇಕು."

"ನಿಮ್ಮದೇ ಶಿಲ್ಪ ಸ್ವಾಮಿ. ನಿಮಗೇ ಗೊತ್ತಾಗಲ್ವಾ?"

"ಅದು ಇದ್ದದ್ದೇ ಹಾಗೆ. ಬಿಟ್ಟುಬಿಡಿ ಸರ್. ಯಾರಿಗೆ ಏನು ನಷ್ಟ? ಈಗಲೇ ಚೆನ್ನಾಗಿದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಇನ್‌ಸ್ಪೆಕ್ಟರು ಬೇಕಾದಷ್ಟು ಕಂಡಿದ್ದರು. ಇಲ್ಲಿ ಗಂಡ ಹೆಗಲು ಮುಟ್ಟಿಕೊಂಡಾಗಿತ್ತು, ಹೆಂಡತಿ ಇನ್ನೂ ತಲೆಯೇ ಎತ್ತಿರಲಿಲ್ಲ. ಅವರು ಕಿಟಕಿಯ ಕಡೆ ತಿರುಗಿದರು.

"ಮೇಣ ಹಚ್ಚೋಕೆ ಹೋಗೋರು ನೀವೇನಾ ಅಮ್ಮ?"

"ಹೌದು."

"ಕೊನೆ ಸಲ ಯಾವಾಗ ಹೋಗಿದ್ರಿ?"

"ಚಳಿ ಶುರುವಾಗೋ ಮುಂಚೆ."

"ಆಗ ತುಂಡು ಇತ್ತಾ?"

"ಹೋದಾಗ ಇತ್ತು."

"ಬರುವಾಗ?"

ಅರ ಎರಡು ಸಲ ಹೋಗಿ ಬಂತು. "ಮೇಣ ಚೆನ್ನಾಗಿ ಕೂತಿತ್ತು" ಎಂದಳು ಆಕೆ. ಉಜ್ಜಿ ಮುಗಿದ ತಟ್ಟೆಯನ್ನು ಎತ್ತಿ, ಸುತ್ತಲೂ ಹೆಬ್ಬೆರಳು ಓಡಿಸಿ, ಎಲ್ಲೋ ಒಂದು ಕಡೆ ಚುಚ್ಚಿರಬೇಕು, ಮತ್ತೆ ಅರ ಹಿಡಿದಳು.

ಇನ್‌ಸ್ಪೆಕ್ಟರಿಗೆ ಆಗಲೇ ಗೊತ್ತಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ. ಆದರೆ ಕೋರ್ಟಿಗೆ ಬೇಕು. ಮನೆ ಶೋಧಿಸಲು ವಾರಂಟ್ ಬೇಕು, ವಾರಂಟಿಗೆ ಕಾರಣ ಬೇಕು, ಅಂಚು ನುಣ್ಣಗಿದೆ ಎಂಬುದನ್ನು ಯಾವ ನ್ಯಾಯಾಧೀಶರೂ ಕಾರಣವೆಂದು ಒಪ್ಪುವುದಿಲ್ಲ. ಜೀಪಿನ ಹತ್ತಿರ ಬರುವಾಗ ಅಕ್ಕ ಪಕ್ಕದ ತಗಡಿನ ಅಂಗಡಿಯ ಹೆಂಗಸಿನ ಜೊತೆ ಮಾತಾಡಿ ಬಂದಳು.

"ಒಬ್ಬಳು ಮಗಳಿದ್ದಳಂತೆ ಸರ್. ಐದು ವರ್ಷಕ್ಕೆ ಜ್ವರ ಬಂದು ಹೋದಳಂತೆ. ಬಹಳ ವರ್ಷ ಆಯ್ತಂತೆ. ಆಮೇಲೆ ಮಕ್ಕಳಾಗಲಿಲ್ಲ."

"ಅದಕ್ಕೂ ಇದಕ್ಕೂ ಏನು?"

"ಕೇಳಿದ್ದು ಹೇಳಿದೆ ಅಷ್ಟೇ."

ಸಂಜೆ ಏಣಿ ಹಳೆಯ ಫೋಟೋದ ಆ ಭಾಗವನ್ನು ದೊಡ್ಡದು ಮಾಡಿಸಿ ತಂದ. ಕಾಗದದ ತುಂಬ ಕಳವಾದ ತುಂಡೊಂದೇ. ಈ ತುದಿಯಲ್ಲಿ ಮಾತ್ರ ಕಂಚಿನ ಹೊರಮೈಯಲ್ಲೂ ಒಂದರೊಳಗೊಂದು ಸಿಕ್ಕಿಕೊಂಡ ಪುಟ್ಟ ಪುಟ್ಟ ಕುಣಿಕೆಗಳ ಸಾಲು, ಸಾಲಿನ ಕೆಳಗೆ ಸಾಲು. ತುದಿಯಲ್ಲಿ ಒಂದು ಕಡೆ ಕುಣಿಕೆ ಬಿಚ್ಚಿಕೊಂಡು ಎಳೆ ಎಳೆಯಾಗಿತ್ತು. ಚಳಿಗಾಲದಲ್ಲಿ ಉಣ್ಣೆ ಹಾಕಿಕೊಂಡವರು ಯಾರಾದರೂ ಗುರುತಿಸುವಂಥದ್ದು. ಮೂವರೂ ನೋಡಿದರು.

"ಸ್ವೆಟರ್ ತೋಳು" ಎಂದ ಏಣಿ. "ಸಣ್ಣದು. ಮಗುದು."

ಅಕ್ಕ ಎದ್ದು ಹೋಗಿ ಟೀ ತಂದಳು. ಯಾರೂ ಕೇಳಿರಲಿಲ್ಲ.

ಮುಂದಿನ ಒಂದು ವಾರ ತನಿಖೆ ರೂಢಿಯ ಪ್ರಕಾರ ನಡೆಯಿತು. ಗುಜರಿ ಅಂಗಡಿಗಳನ್ನು ಕೇಳಿದ್ದಾಯಿತು. ಕಚೇರಿಯ ಕಸಗುಡಿಸುವವರ, ಲಿಫ್ಟಿನವರ ಹೇಳಿಕೆ ಬರೆದುಕೊಂಡದ್ದಾಯಿತು. ಸಿಕ್ಕಿದ್ದು ಸೊನ್ನೆ. ಇನ್‌ಸ್ಪೆಕ್ಟರು ವಾರಂಟಿಗೆ ಅರ್ಜಿ ಬರೆದು ಎರಡು ಸಲ ಹರಿದುಹಾಕಿದರು. ಪತ್ತೆಯಾಗದ ಪ್ರಕರಣ ಎಂದು ಮುಚ್ಚಿದರೆ ಹೇಗೆ ಎಂದು ಅವರ ಮನಸ್ಸಿಗೆ ಬಂದದ್ದೂ ಸುಳ್ಳಲ್ಲ. ಅಷ್ಟರಲ್ಲಿ ಬುಧವಾರ ಬೆಳಿಗ್ಗೆ ಶಿಲ್ಪಿಯೇ ಠಾಣೆಯ ಮೆಟ್ಟಿಲು ಹತ್ತಿ ಬಂದ. ಮೇಜಿನ ಮೇಲೆ ಬಟ್ಟೆಯ ಗಂಟು ಇಟ್ಟು ಬಿಚ್ಚಿದ. ಅಂಗೈ ಅಗಲದ ಕಂಚಿನ ತೋಳು.

"ನಾನೇ ಕತ್ತರಿಸಿದ್ದು ಸರ್. ಬರ್ಕೊಳ್ಳಿ."

ಇನ್‌ಸ್ಪೆಕ್ಟರು ಅವನಿಗೆ ಕೂರಲು ಹೇಳಿದರು. "ಯಾಕೆ?"

"ನಮ್ಮ ಪುಟ್ಟಿಯದು ಒಂದೇ ಒಂದು ಸ್ವೆಟರ್ ಉಳಿದಿತ್ತು. ನನ್ನ ಹೆಂಡತಿಯೇ ಹೆಣೆದದ್ದು. ಎಷ್ಟು ಜೋಪಾನ ಮಾಡಿದ್ರೂ ವರ್ಷ ವರ್ಷ ಹುಳ ತಿಂದು ಒಂದೊಂದು ತೂತು ಬೀಳ್ತಿತ್ತು. ಹೀಗೇ ಬಿಟ್ರೆ ಪೂರ್ತಿ ಹೋಗುತ್ತೆ, ಕಂಚಿಗೆ ಇಳಿಸಿಬಿಡೋಣ ಅಂದೆ. ಕಂಚನ್ನ ಹುಳ ತಿನ್ನಲ್ವಲ್ಲ."

"ಇಳಿಸೋದು ಅಂದ್ರೆ?"

"ಬಟ್ಟೆಯನ್ನೇ ಮೇಣದಲ್ಲಿ ಅದ್ದಿ, ಬೇಕಾದ ಆಕಾರಕ್ಕೆ ಮೇಣ ಸೇರಿಸಿ, ಮೇಲೆ ಅಚ್ಚು ಕಟ್ತೀವಿ. ಕುಲುಮೆಗಿಟ್ಟರೆ ಮೇಣ ಕರಗಿ ಹರಿದುಹೋಗುತ್ತೆ, ಉಣ್ಣೆ ಸುಟ್ಟುಹೋಗುತ್ತೆ. ಅದಿದ್ದ ಜಾಗಕ್ಕೆ ಕಂಚು ಬಂದು ಕೂರುತ್ತೆ."

"ಅಂದ್ರೆ ಸ್ವೆಟರ್ ಉಳಿಯಲ್ಲ."

"ಉಳಿಯಲ್ಲ. ಒಂದೇ ಸಲ. ಅವಳು ಮೂರು ತಿಂಗಳು ಯೋಚನೆ ಮಾಡಿದಳು. ಆಮೇಲೆ ಒಪ್ಪಿ, ಬೆಂಕಿ ಅವಳೇ ಹಚ್ಚಿದಳು. ಇದು ಯಾವತ್ತೂ ಮನೆಯಲ್ಲೇ ಇರುತ್ತೆ ಅಂತ ನಾನು ಮಾತು ಕೊಟ್ಟಿದ್ದೆ."

"ಮತ್ತೆ ಅದು ಆ ಹಜಾರಕ್ಕೆ ಹೇಗೆ ಹೋಯ್ತು?"

ಶಿಲ್ಪಿ ತನ್ನ ಮುಂಗೈ ಕಲೆಗಳನ್ನು ನೋಡಿಕೊಂಡ. "ಕಂಪನಿಯೋರು ಬೇರೆ ಕೆಲಸ ನೋಡೋಕೆ ಬಂದಿದ್ರು. ಮೂಲೆಯಲ್ಲಿ ಇದನ್ನ ಕಂಡು ನಿಂತುಬಿಟ್ರು. ಕಾಲು ಗಂಟೆ ನಿಂತ್ರು ಸರ್. ಮೂವತ್ತು ವರ್ಷದಲ್ಲಿ ನನ್ನ ಕೆಲಸದ ಮುಂದೆ ಯಾರೂ ಹಾಗೆ ನಿಂತಿರಲಿಲ್ಲ. ಇದೇ ಬೇಕು ಅಂದ್ರು. ಇಲ್ಲ ಅನ್ನೋ ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ."

"ಹೆಂಡತಿ ಏನಂದ್ರು?"

"ಏನೂ ಅನ್ನಲಿಲ್ಲ. ಅವತ್ತಿಂದ ಇವತ್ತಿನವರೆಗೂ ಅದರ ಬಗ್ಗೆ ಏನೂ ಅಂದಿಲ್ಲ."

ಕೆಟ್ಟ ಮನುಷ್ಯನೇ ಆಗಿದ್ದರೆ ಬೈದಾದರೂ ಸಮಾಧಾನ ಪಡಬಹುದಿತ್ತು ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು. ಯಾವ ದಿನ ಕತ್ತರಿಸಿದೆ, ಬಾಗಿಲಲ್ಲಿ ಯಾರಿದ್ದರು, ಒಳಗೆ ಹೇಗೆ ಬಿಟ್ಟರು ಎಂದು ಕೇಳಿದರು. ಒಂದಕ್ಕೂ ಅವನ ಹತ್ತಿರ ನೆಟ್ಟಗೆ ಉತ್ತರವಿರಲಿಲ್ಲ. ಕಾವಲುಗಾರನಿಗೆ ಮೀಸೆ ಇದೆಯೋ ಇಲ್ಲವೋ ಎಂಬುದೂ ತಿಳಿದಿರಲಿಲ್ಲ.

ಅಕ್ಕ ಇನ್‌ಸ್ಪೆಕ್ಟರನ್ನು ಹೊರಗೆ ಕರೆದಳು. "ಸರ್, ತಪ್ಪು ಒಪ್ಪಿಕೊಂಡಿದ್ದಾನೆ. ಮಾಲು ಸಿಕ್ಕಿದೆ. ಬರೆದು ಮುಗಿಸಿ."

"ಸುಳ್ಳು ಹೇಳ್ತಿದ್ದಾನೆ ಅಕ್ಕ."

"ಹೇಳಲಿ ಬಿಡಿ. ಯಾರ ಮನೆ ಗಂಟು ಹೋಗುತ್ತೆ? ಕಂಪನಿಗೆ ಅದರ ತುಂಡು ವಾಪಸ್ ಬಂತು. ಗಂಡ ಮಾಡಿದ್ದನ್ನ ಗಂಡನೇ ಅನುಭವಿಸಲಿ."

ಅವಳ ಮಾತಿನಲ್ಲಿ ನ್ಯಾಯವಿತ್ತು. ಇನ್‌ಸ್ಪೆಕ್ಟರು ಬಹುಪಾಲು ಒಪ್ಪಿಯೂ ಆಗಿತ್ತು. ಆದರೆ ಅವರದು ಕಡತ ಅಚ್ಚುಕಟ್ಟಾಗಿರಬೇಕು ಎನ್ನುವ ಸ್ವಭಾವ. ಅದರಿಂದ ಇಲಾಖೆಯಲ್ಲಿ ಹೆಸರೂ ಇತ್ತು. "ಆಗಲಿ. ಒಂದು ಸಲ ಅದರ ಜಾಗದಲ್ಲಿ ಕೂರಿಸಿ, ಪಂಚರ ಸಹಿ ಹಾಕಿಸಿಬಿಡೋಣ" ಎಂದರು. ಹಾಗೆ ಮಾಡಿ ಎಂದು ಕೋರ್ಟಾಗಲಿ ಕಂಪನಿಯಾಗಲಿ ಕೇಳಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಹಜಾರದಲ್ಲಿ ಮತ್ತೆ ಎಲ್ಲರೂ ಸೇರಿದರು. ಅದೇ ಔಷಧಿ ಅಂಗಡಿಯವನು, ಅದೇ ಕೀ ಮಾಡುವವನು. ಮ್ಯಾನೇಜರ್ ಹೊಸ ಟೈ ಕಟ್ಟಿದ್ದ. ಶಿಲ್ಪಿ ಒಂದು ಪಕ್ಕದಲ್ಲಿ ನಿಂತಿದ್ದ. ಏಣಿ ತುಂಡನ್ನು ಮಡಿಕೆಯ ತುದಿಗೆ ಹಿಡಿದ.

ಇನ್‌ಸ್ಪೆಕ್ಟರು ಟಾರ್ಚ್ ಬಿಟ್ಟು ಒಳಗೆ ನೋಡಿದರು. ಶಿಲ್ಪದ ಒಳಮೈಯಲ್ಲಿ ಹೆಣಿಗೆಯ ಸಾಲುಗಳಿದ್ದವು, ತುಂಡಿನಲ್ಲೂ ಇದ್ದವು. ಒಂದು ತುದಿಯಲ್ಲಿ ಕುಣಿಕೆಗೆ ಕುಣಿಕೆ ಸರಿಯಾಗಿ ಕೂಡಿತು. ಅಲ್ಲಿಂದ ಮುಂದೆ ಹೋಗುತ್ತ ಹೋಗುತ್ತ ಕೂದಲೆಳೆಯಷ್ಟು ಜರುಗಿ, ಇನ್ನೊಂದು ತುದಿಗೆ ಬರುವಾಗ ಅರ್ಧ ಕುಣಿಕೆ ತಪ್ಪಿತು. ಏಣಿ ಆ ತುದಿ ಸರಿಮಾಡಿದ. ಈ ತುದಿ ತಪ್ಪಿತು. ಮೇಲೆ ಮಾಡಿದ, ಕೆಳಗೆ ಮಾಡಿದ. ಎಲ್ಲ ಕಡೆಯೂ ತುಂಡು ಒಂದಿಷ್ಟು ಸಣ್ಣದು.

"ಹಾಗಾದ್ರೆ ಇದು ಅದಲ್ಲ!" ಎಂದ ಮ್ಯಾನೇಜರ್, ತಾನೇ ಕಳ್ಳನನ್ನು ಹಿಡಿದ ಹುರುಪಿನಲ್ಲಿ. ಕೀ ಮಾಡುವವನೂ ಬಗ್ಗಿ ನೋಡಿ, ಹೌದು, ಹಲ್ಲು ಕೂರುತ್ತಿಲ್ಲ ಎಂದ.

ಶಿಲ್ಪಿ ಪೀಠದ ಅಂಚಿನ ಮೇಲೆ ಕುಸಿದು ಕೂತ. "ಕಂಚು ಆರುವಾಗ ಕುಗ್ಗುತ್ತೆ ಸರ್" ಎಂದ. "ಕಂಚಿನ ಮೇಲೆ ಅಚ್ಚು ತೆಗೆದು ಮತ್ತೆ ಎರಕ ಹೊಯ್ದರೆ ನೂರಕ್ಕೆ ಒಂದೂವರೆಯೋ ಎರಡೋ ಸಣ್ಣದಾಗುತ್ತೆ. ಅಷ್ಟು ಸೂಕ್ಷ್ಮ ಪೊಲೀಸರು ಎಲ್ಲಿ ನೋಡ್ತಾರೆ ಅಂದ್ಕೊಂಡೆ."

ಅಕ್ಕ ಇನ್‌ಸ್ಪೆಕ್ಟರ ಮುಖ ನೋಡಲಿಲ್ಲ. ಅವರೂ ಯಾರ ಮುಖವನ್ನೂ ನೋಡಲಿಲ್ಲ. ನಕಲು ಹೊಯ್ಯಲು ಅಸಲು ಅವನ ಮನೆಯಲ್ಲೇ ಇರಬೇಕು ಎಂಬುದು ಈಗ ಪಂಚರಿಗೂ ಗೊತ್ತಾಗಿತ್ತು. ನಾಲ್ಕು ಜನರ ಎದುರು ಆದದ್ದನ್ನು ಆಗಲಿಲ್ಲ ಎನ್ನುವ ಹಾಗಿರಲಿಲ್ಲ. ಮನಸ್ಸಿನಲ್ಲಿ ಅವರು ತಮ್ಮ ಅಚ್ಚುಕಟ್ಟಿಗೆ ಒಂದು ಬೈಗುಳ ಬೈದರು. ಬರೆಯಬೇಕಾದ್ದನ್ನು ಬರೆಸಿದರು.

ಸಂಜೆಯೊಳಗೆ ವಾರಂಟ್ ಕೈಗೆ ಬಂತು. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವರು ಎರಕದ ಮನೆ ಸೇರಿದರು. ಶಿಲ್ಪಿಯ ಹೆಂಡತಿ ಕಿಟಕಿಯ ಪಕ್ಕದ ಅದೇ ಮೇಜಿನಲ್ಲಿ ಕೂತಿದ್ದಳು. ಕೆಲಸ ಮಾಡುತ್ತಿರಲಿಲ್ಲ. ಇನ್‌ಸ್ಪೆಕ್ಟರು ವಾರಂಟ್ ಓದುವ ಮೊದಲೇ ಏಪ್ರನ್ನಿನ ಮುಂದಿನ ಜೇಬಿಗೆ ಕೈ ಹಾಕಿ ತುಂಡನ್ನು ತೆಗೆದು ಮೇಜಿನ ಮೇಲಿಟ್ಟಳು.

"ಹುಡುಕಬೇಡಿ ಸರ್. ಮನೆಯೆಲ್ಲ ಚೆಲ್ಲಾಪಿಲ್ಲಿ ಆಗುತ್ತೆ. ಅವತ್ತು ನೀವು ಬಂದಾಗಲೂ ಇಲ್ಲೇ ಇತ್ತು."

ಕಂಚು ಅವಳ ಮೈಯ ಕಾವಿಗೆ ಬೆಚ್ಚಗಿತ್ತು. ಬಣ್ಣ ಅಲ್ಲಲ್ಲಿ ಸವೆದು ಹೊಳೆಯುತ್ತಿತ್ತು.

"ನೀವೇ ಕತ್ತರಿಸಿದ್ದಾ?"

"ನಾನೇ."

"ಯಾವಾಗ?"

"ಕೊನೆ ಸಲ ಮೇಣ ಹಚ್ಚೋಕೆ ಹೋದಾಗ. ಬಟ್ಟೆ ಕಾವಲಿನ ಅಣ್ಣ ಕಟ್ಟಿಕೊಟ್ರು, ಆ ಮೀಸೆಯವರು. ಅವರದೇನೂ ತಪ್ಪಿಲ್ಲ."

"ಅಷ್ಟು ದಿನ ಸುಮ್ಮನಿದ್ದೋರು ಆಗ ಯಾಕೆ?"

ಆಕೆ ತುಂಡಿನ ತುದಿಯಲ್ಲಿ ಬಿಚ್ಚಿಕೊಂಡ ಎಳೆಗಳನ್ನು ಬೆರಳಿನಿಂದ ತೋರಿಸಿದಳು. "ಇದು ಅವಳು ಕಚ್ಚಿ ಕಚ್ಚಿ ಆಗಿದ್ದು. ತೋಳಿನ ತುದಿ ಬಾಯಲ್ಲಿ ಇಟ್ಕೊಳ್ಳೋಳು. ಎಷ್ಟು ಬೈದ್ರೂ ಬಿಡಲಿಲ್ಲ. ಕಂಚಿನಲ್ಲಿ ಒಂದೆಳೆಯೂ ಬಿಡದೆ ಬಂದಿತ್ತು. ಅಲ್ಲಿ ಜನ ಇದಕ್ಕೆ ಬಬಲ್‌ಗಮ್ ಅಂಟಿಸ್ತಿದ್ರು ಸರ್. ಒಂದು ಸಲ ಸೂಜಿಯಲ್ಲಿ ಕೆದಕಿ ತೆಗೆದೆ. ಇನ್ನೊಂದು ಸಲ ತೆಗೆದೆ. ಮೂರನೇ ಸಲ ಗರಗಸ ತಗೊಂಡು ಹೋದೆ."

"ಕತ್ತರಿಸಿ ಹಾಗೇ ಬಂದಿದ್ರೆ ಯಾರೋ ಗುಜರಿ ಕಳ್ಳ ಅಂದ್ಕೊಳ್ತಿದ್ವಿ. ಕೂತು ಅಂಚು ಉಜ್ಜಿದ್ರಲ್ಲ, ಬಣ್ಣ ಬೇರೆ."

"ಅಲ್ಲಿ ಉಳಿದಿದ್ದೂ ಅವಳದೇ ಅಲ್ವಾ ಸರ್. ಹಾಗೇ ಹೇಗೆ ಬಿಟ್ಟು ಬರೋದು?"

ಅಕ್ಕ ಕಿಟಕಿಯ ಕಡೆ ತಿರುಗಿ ನಿಂತಳು. ಏಣಿ ಜಪ್ತಿ ಪಂಚನಾಮೆ ಬರೆಯುತ್ತಿದ್ದವನು ಪೆನ್ನು ಓಡುತ್ತಿಲ್ಲವೆಂದು ಸುಮ್ಮಸುಮ್ಮನೆ ಕೊಡವಿದ. ತುಂಡನ್ನು ಅಳೆದರು, ತೂಗಿದರು, ಬಿಳಿ ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿದರು, ಗಂಟಿನ ಮೇಲೆ ಅರಗು ಸುರಿದು ಮೊಹರು ಒತ್ತಿದರು. ಆಕೆ ನೋಡುತ್ತಿದ್ದಳು. ಅರಗು ಬಟ್ಟೆಯ ಮೇಲೆ ಬೀಳುವಾಗ ಮಾತ್ರ ಒಂದು ಸಲ ಕೈ ಮುಂದೆ ಬಂತು, ಮತ್ತೆ ಮಡಿಲಿಗೆ ಹೋಯಿತು.

ಇನ್‌ಸ್ಪೆಕ್ಟರಿಗೆ ಏನಾದರೂ ಕೊಡಬೇಕೆನಿಸಿತು. ಅವರ ಹತ್ತಿರ ಕೊಡುವಂಥದ್ದು ಒಂದೇ ಇತ್ತು. "ನೋಡಿ ಅಮ್ಮ, ನಿಮ್ಮ ಯಜಮಾನರು ಮಾಡಿದ ನಕಲು ಇದೆಯಲ್ಲ, ಅದು ಕದ್ದ ಮಾಲಲ್ಲ. ಕೇಸು ಮುಗಿದ ಮೇಲೆ ಕೋರ್ಟಿಗೆ ಹೇಳಿ ನಿಮಗೆ ವಾಪಸ್ ಕೊಡಿಸ್ತೀನಿ. ಅದು ಮನೆಯಲ್ಲೇ ಇರಲಿ."

"ಬೇಡ ಸರ್."

"ಯಾಕೆ? ಅದೇ ಹೆಣಿಗೆ, ಅದೇ ಎಳೆ. ಕಣ್ಣಿಗೆ ವ್ಯತ್ಯಾಸವೇ ಕಾಣಲ್ಲ."

"ಅಳತೆ ಸಣ್ಣದಲ್ವಾ." ಆಕೆ ಏಪ್ರನ್ ಬಿಚ್ಚಿ ಮಡಿಸಿ ಮೇಜಿನ ಮೇಲಿಟ್ಟಳು. "ಐದು ವರ್ಷಕ್ಕೆ ಬೆಳೆಯೋದು ನಿಂತುಹೋಯ್ತು. ಅದನ್ನ ತಡ್ಕೊಂಡೆ. ಈಗ ಇನ್ನೂ ಚಿಕ್ಕವಳಾಗೋದನ್ನ ನೋಡು ಅಂದ್ರೆ ನನ್ನ ಕೈಲಿ ಆಗಲ್ಲ."

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಬಂಧನ. ಬಂಧನದ ವಿಷಯ ಯಾರಿಗೆ ತಿಳಿಸಬೇಕು ಎಂದು ಕೇಳಿದಾಗ ಗಂಡನಿಗೆ ಎಂದಳು. ಗಂಡ ಬಾಗಿಲ ಹೊರಗೇ ಮರಳಿನ ಚೀಲದ ಮೇಲೆ ಕೂತಿದ್ದ. ಆಕೆ ಅವನ ಮುಂದೆಯೇ ಜೀಪಿನ ಕಡೆ ನಡೆದಳು. "ಮೇಣದ ಒಲೆ ಆರಿಸಿದ್ದೀನಿ" ಎಂದಳು, ಅಷ್ಟೇ. ಅವನು ಏಳಲಿಲ್ಲ.

ಕಂಪನಿಯ ಅರ್ಜಿಯ ಮೇಲೆ ಕೋರ್ಟು ಆ ತುಂಡನ್ನು ಅವರ ಸುಪರ್ದಿಗೆ ಕೊಟ್ಟಿತು. ಕಂಪನಿ ಒಬ್ಬ ವೆಲ್ಡರ್‌ನನ್ನು ಕರೆಸಿ ಕೂಡಿಸಿತು. ಬೆಸುಗೆ ಕಾಣಬಾರದೆಂದು ಅವನು ಎರಡೂ ಕಡೆ, ಒಳಗೂ ಹೊರಗೂ ಯಂತ್ರ ಹಿಡಿದು ಮೂರು ಮೂರು ಸಾಲು ಹೆಣಿಗೆಯನ್ನು ಉಜ್ಜಿ ನುಣ್ಣಗೆ ಮಾಡಿದ. ಕೆಲಸ ಚೆನ್ನಾಗಿ ಆಗಿದೆ ಎಂದು ಮ್ಯಾನೇಜರ್ ಠಾಣೆಗೆ ಫೋನ್ ಮಾಡಿ ಹೇಳಿದ.

ದೋಷಾರೋಪ ಪಟ್ಟಿ ತಯಾರಾಗುವಾಗ ಕೃತ್ಯದ ಉದ್ದೇಶವನ್ನು ಬರೆಯಬೇಕಾಗಿತ್ತು. ರೈಟರ್ ರೂಢಿಯಂತೆ "ಹಣದ ಆಸೆಗೆ" ಎಂದು ಬರೆದಿದ್ದ. ಇನ್‌ಸ್ಪೆಕ್ಟರು ಅದನ್ನು ಹೊಡೆದುಹಾಕಿ, "ತನ್ನ ಮಗಳನ್ನು ಮನೆಗೆ ಕರೆದುಕೊಂಡು ಹೋಗುವ ಸಲುವಾಗಿ" ಎಂದು ತಮ್ಮ ಕೈಯಿಂದಲೇ ಬರೆದು ಮೇಲಧಿಕಾರಿಗಳಿಗೆ ಕಳಿಸಿದರು. ಎರಡು ದಿನದಲ್ಲಿ ಕಡತ ಹಿಂದಕ್ಕೆ ಬಂತು. ಆ ಸಾಲಿನ ಪಕ್ಕ ಕೆಂಪು ಗೀಟೂ ಒಂದು ಟಿಪ್ಪಣಿಯೂ ಇತ್ತು: ಮಗಳು ಪ್ರಕರಣದಲ್ಲಿ ಯಾರು, ಆಕೆಯ ಹೇಳಿಕೆ ಏಕೆ ಇಲ್ಲ?

ಇನ್‌ಸ್ಪೆಕ್ಟರು ಆ ಹಾಳೆ ತೆಗೆದು ಹೊಸ ಹಾಳೆ ಹಾಕಿಸಿದರು. "ಸ್ವಂತಕ್ಕೆ ಇಟ್ಟುಕೊಳ್ಳುವ ಉದ್ದೇಶದಿಂದ" ಎಂದು ಬರೆಸಿ, ಕೆಳಗೆ ಸಹಿ ಹಾಕಿದರು.